ಈ ಕಿಟಕಿಯ ಕೆಲಸವಲ್ಲ

ಮನುಷ್ಯ ಬದುಕಿದ್ದಾನೆಂಬುದಕ್ಕೆ ಅವನ ಉಸಿರೊಂದೇ ಸಾಕ್ಷಿಯಾಗಲಾರದು. ಪಿಂಚಣಿ ಪಡೆಯುವವರಿಗೆ ಇದು ಚೆನ್ನಾಗಿ ಗೊತ್ತು. ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, "ಇದ್ದೇನೆ" ಎಂದು ರುಜು ಹಾಕಿಕೊಡಬೇಕು. 2012ರಲ್ಲಿ ಎಪ್ಪತ್ತೆಂಟು ವರ್ಷದ ನಮ್ಮ ತಂದೆಯವರನ್ನು ಕರೆದುಕೊಂಡು ನಾನೂ ಬ್ಯಾಂಕಿಗೆ ಹೋಗಿದ್ದೆ.

ಅಲ್ಲಿ ಎರಡು ಕಿಟಕಿಗಳು. ಪಿಂಚಣಿಯ ಕಿಟಕಿಯ ಸಾಲು ಬಾಗಿಲು ದಾಟಿ ಮೆಟ್ಟಿಲಿಳಿದಿತ್ತು. ಪಕ್ಕದ ಕಿಟಕಿಯ ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆಯುತ್ತ, ಹಾಕುತ್ತ ಕುಳಿತಿದ್ದರು. ಕೇಳಿದರೆ, "ಅದು ಈ ಕಿಟಕಿಯ ಕೆಲಸವಲ್ಲ ಸಾರ್" ಎಂದರು. ನನಗೆ ಪಿತ್ತ ನೆತ್ತಿಗೇರಿತು.

ತಂದೆಯವರು ನಕ್ಕರು. "ಅವನನ್ನು ಬಯ್ಯಬೇಡ ಕಣೋ. ಆ ಮಾತನ್ನು ನಾನೇ ಎಷ್ಟು ವರ್ಷ ಹೇಳಿದ್ದೇನೆ!"

ಅವರು ರೈಲ್ವೆಯಲ್ಲಿ ರಿಸರ್ವೇಷನ್ ಗುಮಾಸ್ತರಾಗಿದ್ದವರು. ಆಗ ರೈಲಿಗೊಂದು ರಿಜಿಸ್ಟರು. ಅದಿದ್ದ ಕಿಟಕಿಯಲ್ಲೇ ಆ ರೈಲಿನ ಟಿಕೆಟ್ಟು. ಬೇಸಗೆಯ ರಜಾದಲ್ಲಿ ಒಂದು ಕಿಟಕಿಗೆ ಜಾತ್ರೆ, ಇನ್ನೊಂದರಲ್ಲಿ ನೊಣ ಹೊಡೆಯುವ ಕೆಲಸ. ನೊಣದ ಪಾಳಿ ಬಂದ ದಿನ ಪಕ್ಕದ ಸಾಲಿನವರ ಮುಖ ನೋಡಲಾರದೆ ತಲೆ ತಗ್ಗಿಸಿಕೊಂಡಿರುತ್ತಿದ್ದರಂತೆ. 1980ರ ದಶಕದ ನಡುವಿನಿಂದ ಒಂದೊಂದೇ ಊರಿಗೆ ಕಂಪ್ಯೂಟರು ಬಂತು. ಯಾವ ಕಿಟಕಿಯಲ್ಲಾದರೂ ಯಾವ ರೈಲಿನ ಟಿಕೆಟ್ಟಾದರೂ ಸಿಕ್ಕತೊಡಗಿತು. "ನಮ್ಮಲ್ಲಿ ಒಬ್ಬ ಗುಮಾಸ್ತನೂ ಹೆಚ್ಚಲಿಲ್ಲ. ಸಾಲು ಮಾತ್ರ ಕರಗಿತು" ಎಂದರು.

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಪಾಠ ಹೇಳುವ ನಾನು ಕೋಪದಲ್ಲಿ ನನ್ನ ಪಾಠವನ್ನೇ ಮರೆತಿದ್ದೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪೆನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞ ಕಾಯುವಿಕೆಯ ಸೂತ್ರವನ್ನು 1917ರಲ್ಲೇ ಪ್ರಕಟಿಸಿದ್ದ. ಎರಡು ಕಿಟಕಿಗಳಿವೆ, ಒಬ್ಬೊಬ್ಬರ ಕೆಲಸಕ್ಕೆ ಸರಾಸರಿ 5 ನಿಮಿಷ, ಜನ ಬರುವುದಕ್ಕಾಗಲಿ, ಕೆಲಸ ಮುಗಿಯುವುದಕ್ಕಾಗಲಿ ಹೊತ್ತುಗೊತ್ತಿಲ್ಲ, ಗುಮಾಸ್ತರಿಬ್ಬರೂ ಸರಾಸರಿ ಗಂಟೆಗೆ 48 ನಿಮಿಷ ದುಡಿಯುತ್ತಾರೆ ಎನ್ನೋಣ. ಕಿಟಕಿಗೊಂದು ಸಾಲಾದರೆ ಸರದಿಗಾಗಿ ಸರಾಸರಿ 20 ನಿಮಿಷ ಕಾಯಬೇಕು. ಎರಡಕ್ಕೂ ಸೇರಿ ಒಂದೇ ಸಾಲಾದರೆ ಸುಮಾರು 9 ನಿಮಿಷ ಸಾಕು. ದುಡಿಮೆ ಅಷ್ಟೇ, ಸಂಬಳವೂ ಅಷ್ಟೇ! ಒಬ್ಬರು ಬಿಡುವಾಗಿ ಕುಳಿತಿರುವಾಗ ಇನ್ನೊಬ್ಬರ ಮುಂದೆ ಜನ ನಿಲ್ಲುವುದು ತಪ್ಪುತ್ತದೆ, ಅಷ್ಟೇ ಅದರ ಗುಟ್ಟು.

ನಮ್ಮ ಸರದಿ ಬರುವಷ್ಟರಲ್ಲಿ ಎರಡು ಗಂಟೆಯಾಗಿತ್ತು. ತಂದೆಯವರ ಕಾಲು ನಡುಗುತ್ತಿತ್ತು, ರುಜುವೂ ನಡುಗಿತು. ಹೊರಡುವಾಗ ಖಾಲಿ ಕಿಟಕಿಯ ಬಳಿ ನಿಂತು ಹೇಳಿದರು: "ನಿಮ್ಮ ಮ್ಯಾನೇಜರನ್ನು ಕೇಳಿ ನೋಡಪ್ಪ, ನಿನಗೂ ಒಂದು ಕಟ್ಟು ಫಾರಂ ಕೊಡಲಿ. ಜನ ನಿಂತಿರುವಾಗ ಸುಮ್ಮನೆ ಕೂರುವುದು ಬಹಳ ಕಷ್ಟ. ನಾನು ಕೂತವನು."

ಗುಮಾಸ್ತರು ಪೆನ್ನಿಗೆ ಮುಚ್ಚಳ ಹಾಕಿ, ಎದ್ದು ಮ್ಯಾನೇಜರ ಕೋಣೆಯ ಕಡೆ ನಡೆದರು.