ಪುಡಿಯಲ್ಲಿ ಯಾರ್ಯಾರಿದ್ದಾರೆ?

ಬಿಎಸ್‌ಸಿಗೆ ಕೆಮಿಸ್ಟ್ರಿ ತೆಗೆದುಕೊಂಡವರನ್ನು ಮದುವೆಮನೆಯಲ್ಲಿ ನೆಂಟರು ಕೇಳುವುದು ಒಂದೇ ಪ್ರಶ್ನೆ: "ಯಾಕಪ್ಪಾ, ಎಂಜಿನಿಯರಿಂಗ್ ಸೀಟು ಸಿಗಲಿಲ್ವಾ?" ಪರ್ಮ್ಯಾಂಗನೇಟಿನ ಆಟ ಒಮ್ಮೆ ನೋಡಿದ್ದರೆ ಹಾಗೆ ಕೇಳುತ್ತಿರಲಿಲ್ಲ.

ಸಲ್ಫ್ಯೂರಿಕ್ ಆಮ್ಲ ಬೆರೆಸಿ ಬಿಸಿ ಮಾಡಿದ ಆಕ್ಸಾಲಿಕ್ ಆಮ್ಲಕ್ಕೆ ಬ್ಯೂರೆಟ್ಟಿನಿಂದ ಮೊದಲ ಹನಿ ಬಿದ್ದಾಗ ಗುಲಾಬಿ ಬಣ್ಣ ಹಾಗೇ ಕೂತುಬಿಡುತ್ತದೆ. ಫ್ಲಾಸ್ಕನ್ನು ಎಷ್ಟು ತಿರುಗಿಸಿದರೂ, ಜಪ್ಪಯ್ಯ ಎಂದರೂ ಹೋಗುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಮಾಯ! ಮುಂದಿನ ಹನಿಗಳೋ, ಬಿದ್ದದ್ದೇ ತಡ, ಇಲ್ಲ. ಕ್ರಿಯೆಯಲ್ಲಿ ಹುಟ್ಟಿದ ಮ್ಯಾಂಗನೀಸ್ ಅಯಾನೇ ಕ್ರಿಯೆಯನ್ನು ಓಡಿಸತೊಡಗಿರುತ್ತದೆ. ಕಡೆಗೆ ತಿಳಿಗುಲಾಬಿ ನಿಂತರೆ ಎಂಡ್ ಪಾಯಿಂಟ್; ಅದನ್ನು ತೀರ್ಮಾನಿಸುವುದು ಸುಮಾರು 0.05 ಮಿಲಿಲೀಟರಿನ ಒಂದು ಹನಿ. ಉಳಿದೆಲ್ಲ ದ್ರಾವಣಗಳಿಗೆ ಕೆಳಬಾಗು ನೋಡಿ ರೀಡಿಂಗ್ ತೆಗೆಯಿರಿ ಎನ್ನುವ ಮೇಷ್ಟ್ರು ಇದಕ್ಕೆ ಮಾತ್ರ ಮೇಲಂಚು ಎನ್ನುತ್ತಾರೆ. ಆ ಕಡುನೇರಳೆಯಲ್ಲಿ ಕೆಳಬಾಗು ಕಂಡರೆ ತಾನೆ!

ಆದರೂ ನನ್ನ ಪಾಲಿಗೆ ಡಿಗ್ರಿ ಎಂದರೆ ಸಾಲ್ಟ್ ಅನಾಲಿಸಿಸ್ಸೇ. ಚಿಟಿಕೆ ಪುಡಿ ಕೈಗಿಟ್ಟು, ಇದರಲ್ಲಿ ಯಾರ್ಯಾರಿದ್ದಾರೆ ಹೇಳು ಎನ್ನುತ್ತಾರೆ. ಕಿಪ್ ಉಪಕರಣದಿಂದ ಬರುವ ಹೈಡ್ರೋಜನ್ ಸಲ್ಫೈಡಿನ ನಾತ ಅಂಗಿಗಂಟಿ, ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟು ಖಾಲಿ ಉಳಿಯುತ್ತಿತ್ತು. ಆದರೆ ಆ ಗಬ್ಬು ಅನಿಲದ ವಿವೇಚನೆ ನೋಡಿ. ಆಮ್ಲದಲ್ಲಿ ಹಾಯಿಸಿದರೆ ಸಲ್ಫೈಡ್ ಅಯಾನುಗಳು ತೀರಾ ಕಡಿಮೆ. ಅಷ್ಟಕ್ಕೇ ತಾಮ್ರ, ಸೀಸ, ಕ್ಯಾಡ್ಮಿಯಂ ಸಿಕ್ಕಿಬೀಳುತ್ತವೆ. ಸತುವೂ ಮ್ಯಾಂಗನೀಸೂ ಏನೂ ಅರಿಯದವರಂತೆ ಮುಂದೆ ಸಾಗುತ್ತವೆ. ಅಮೋನಿಯಾ ಬೆರೆಸಿ ಅದೇ ಅನಿಲ ಹಾಯಿಸಿದಾಗ ಅವುಗಳ ಸರದಿ: ಸತು ಬೆಳ್ಳಗೆ, ಮ್ಯಾಂಗನೀಸ್ ಮಾಸಲು ಗುಲಾಬಿಯಾಗಿ, ನಿಕಲ್ ಕಪ್ಪಗೆ. ಥಿಯರಿ ಕ್ಲಾಸಿನಲ್ಲಿ ಆಕಳಿಸುತ್ತ ಬರೆದುಕೊಂಡ ಸಾಲ್ಯುಬಿಲಿಟಿ ಪ್ರಾಡಕ್ಟು ಟೆಸ್ಟ್‌ಟ್ಯೂಬಿನ ತಳದಲ್ಲಿ ಮೈತಳೆದು ಕೂತಿರುತ್ತದೆ. ಬೋರ್ಡಿನ ಮೇಲಿನ ಸಮೀಕರಣ ಹೀಗೆ ಬಣ್ಣ ಹಚ್ಚಿಕೊಂಡು ಬರುವುದು ಬೇರೆ ಯಾವ ಸಬ್ಜೆಕ್ಟಿನಲ್ಲಿದೆ? ಗಣಿತದವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಫಿಸಿಕಲ್ ಕೆಮಿಸ್ಟ್ರಿಯ ಡಿರೈವೇಶನ್ನುಗಳ ಮಾತನ್ನು ಮಾತ್ರ ಇಲ್ಲಿ ಎತ್ತಬೇಡಿ.

ಕಪ್ಪಗೆ ಇಳಿದದ್ದು ಕೋಬಾಲ್ಟೂ ಆಗಿರಬಹುದು, ಬಣ್ಣ ನಂಬುವಂತಿಲ್ಲ. ಆಗ ಬರುವುದು ಡೈಮೀಥೈಲ್ ಗ್ಲೈಆಕ್ಸಿಮ್, ರಷ್ಯಾದ ಚುಗಾಯೆವ್ 1905ರಲ್ಲಿ ಕಂಡುಕೊಂಡ ಪರೀಕ್ಷೆ. ಕಪ್ಪನ್ನು ಕರಗಿಸಿ, ಅಮೋನಿಯಾ ಬೆರೆಸಿ, ಇದನ್ನು ಹಾಕಿದರೆ ನಿಕಲ್ ಇದ್ದಲ್ಲಿ ಕಣ್ಣು ಕೋರೈಸುವ ಗುಲಾಬಿಗೆಂಪು ಮೊಸರಿನಂತೆ ಒಡೆಯುತ್ತದೆ. ಕಂಡವರು ಎಕ್ಸ್‌ಟರ್ನಲ್ ಎಗ್ಸಾಮಿನರ್ ಎದುರಿಗಿದ್ದರೂ "ನಿಕಲ್!" ಎಂದು ಕೂಗಿಬಿಡುತ್ತಾರೆ. ಪಕ್ಕದ ಬೆಂಚಿನವರ ಪುಡಿಯಲ್ಲೂ ಅದೇ ಇದ್ದರೆ ಅವರಿಗೆ ಅಂದು ಹಬ್ಬ.