ಒತ್ತದೆ ಹುಟ್ಟಿದ ನಾದ

ಮಕ್ಕಳ ನೋವಿಗೆ ಹೆತ್ತವರೇ ಕಾರಣರಾದರೆ ಆ ಸಂಕಟ ಎಂಥದೆಂಬುದನ್ನು ಅನುಭವಿಸಿದವರೇ ಬಲ್ಲರು. ಸೋಮವಾರಪೇಟೆಯ ಸಮೀಪದ ನಮ್ಮ ಸಣ್ಣ ಕಾಫಿ ತೋಟದಲ್ಲಿ 2011ರ ಜನವರಿಯಲ್ಲಿ ಅಂಥದೊಂದು ಸಂಜೆ ಬಂದಿತು. ಪಲ್ಪರ್ ಯಂತ್ರದ ಬೆಲ್ಟಿನ ಮೇಲಿನ ಮುಚ್ಚಳವನ್ನು ರಿಪೇರಿಗೆಂದು ತೆಗೆದವರು ನಾವು. ಮರಳಿ ಹಾಕಲು ಮರೆತವರೂ ನಾವೇ. ಕೈಜೋಡಿಸಲು ಕರೆದ ಹದಿನಾರರ ಮಗನ ಎಡಗೈಯ ಉಂಗುರ ಬೆರಳು ಮತ್ತು ಕಿರುಬೆರಳಿನ ತುದಿಗಳು ಅದಕ್ಕೆ ಸಿಕ್ಕಿಹೋದವು.

ಆತನಿಗೆ ಗಿಟಾರ್ ಎಂದರೆ ಪ್ರಾಣ. ತಂತಿಗಳನ್ನು ಒತ್ತಿ ಹಿಡಿಯಲು ಎಡಗೈಯ ನಾಲ್ಕು ಬೆರಳುಗಳೂ ಬೇಕು. ಗಾಯ ಮಾಯಿತು, ವಾದ್ಯದ ಪೆಟ್ಟಿಗೆ ಮಾತ್ರ ತೆರೆಯಲಿಲ್ಲ. ಆತ ನಮ್ಮನ್ನು ದೂರಲಿಲ್ಲ, ನಾವು ತಪ್ಪಾಯಿತೆನ್ನಲಿಲ್ಲ. ಹೀಗೆಯೇ ಒಂದು ವರ್ಷ ಕಳೆಯಿತು.

ಮರುವರ್ಷದ ಬೇಸಗೆಯಲ್ಲಿ ಮೈಸೂರಿನ ಬಂಧುಗಳ ಮನೆಗೆ ಬಂದಿದ್ದ ಹಿರಿಯ ವಾದಕರೊಬ್ಬರು ಆತನ ಕೈ ನೋಡಿ, "ಒತ್ತಿ ನುಡಿಸುವುದು ಬೇಡ ಮಗು, ಜಾರಿಸಿ ನುಡಿಸು" ಎಂದರು. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಗಳ ಮೇಲೆ ಉಕ್ಕಿನ ನುಣುಪಾದ ಸರಳನ್ನು ಜಾರಿಸಿದರು. ಹವಾಯಿ ದ್ವೀಪಗಳಲ್ಲಿ 19ನೆಯ ಶತಮಾನದ ಕೊನೆಯಲ್ಲಿ ರೂಢಿಗೆ ಬಂದ ಕ್ರಮವಿದು. ಇದನ್ನು ಹಿಂದೂಸ್ತಾನಿ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಪ್ರಮುಖರು ಬ್ರಿಜ್ ಭೂಷಣ್ ಕಾಬ್ರಾ. ವಿಶ್ವಮೋಹನ ಭಟ್ಟರಿಗೆ ಇದೇ ಬಗೆಯ ವಾದನಕ್ಕಾಗಿ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ನಮ್ಮ ದಕ್ಷಿಣದ ಗೋಟುವಾದ್ಯವೂ ತಂತಿಯನ್ನು ಬೆರಳಿನಿಂದ ಒತ್ತದೆ ನುಡಿಸುವಂಥದೇ.

ಮಗ ಮತ್ತೆ ಪೆಟ್ಟಿಗೆ ತೆರೆದನು. ಆದರೆ ಮೊದಮೊದಲು ಹೊರಟದ್ದು ನಾದವಲ್ಲ, ಗೊರಗೊರ ಸದ್ದು. ಆತ ಇನ್ನಷ್ಟು ಬಲವಾಗಿ ಒತ್ತುತ್ತಿದ್ದನು. ಒತ್ತಿದಷ್ಟೂ ತಂತಿ ಕೆಳಗಿನ ಲೋಹದ ಪಟ್ಟಿಗಳಿಗೆ ತಾಗಿ ಕಟಕಟಿಸುತ್ತಿತ್ತು, ಸ್ವರವೂ ಏರಿಬಿಡುತ್ತಿತ್ತು. ಗುರುಗಳು ನಾಲ್ಕು ಮಾತು ಹೇಳಿದರು. ತಂತಿಗಳನ್ನು ತುಸು ಎತ್ತರಿಸಬೇಕು. ಸರಳಿನ ಭಾರವೇ ಸಾಕು, ಕೈಯ ಬಲ ಬೇಡ. ಸರಳು ಪಟ್ಟಿಯ ಹಿಂದೆ ನಿಲ್ಲದೆ ಅದರ ನೇರಕ್ಕೆ ನಿಲ್ಲಬೇಕು; ಕೂದಲೆಳೆಯಷ್ಟು ತಪ್ಪಿದರೂ ಅಪಸ್ವರ, ಅದನ್ನು ತಿದ್ದಬೇಕಾದುದು ಕಿವಿ. ಕಡೆಯದಾಗಿ, ಸರಳಿನ ಹಿಂದೆ ಬೆರಳುಗಳು ತಂತಿಯನ್ನು ಹಗುರವಾಗಿ ಸವರುತ್ತ ಬರಬೇಕು. ಇಲ್ಲವಾದರೆ ಸರಳಿನ ಹಿಂಬದಿಯ ತಂತಿಯೂ ಮಿಡಿದು ನಾದವನ್ನು ಕೆಡಿಸುತ್ತದೆ.

ಸರಳನ್ನು ಹಿಡಿಯಲು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಸಾಕು. ಹಿಂದೆ ಸವರುವ ಕೆಲಸ ಉಳಿದೆರಡು ಬೆರಳುಗಳದು. ತುದಿ ಕಳೆದುಕೊಂಡ ಆ ಬೆರಳುಗಳನ್ನು ಚಾಚಿ ತಂತಿಯ ಮೇಲಿಡಲು ಆತ ತಿಂಗಳುಗಟ್ಟಲೆ ಶ್ರಮಿಸಿದನು.

ನಮ್ಮ ಕೊಡಗಿನ ಮಳೆಗಾಲವೂ ಪರೀಕ್ಷೆಯೊಡ್ಡಿತು. ತೇವಕ್ಕೆ ತಂತಿ ತುಕ್ಕು ಹಿಡಿದರೆ ಸರಳು ಕೆರೆಯುತ್ತದೆ. ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಒಣ ಹತ್ತಿಬಟ್ಟೆಯಿಂದ ಒರೆಸುವ ಕೆಲಸವನ್ನು ನಾವು ವಹಿಸಿಕೊಂಡೆವು. ಬೇರಾವ ಪ್ರಾಯಶ್ಚಿತ್ತವೂ ನಮಗೆ ತೋಚಿರಲಿಲ್ಲ.

2012ರ ಆಷಾಢದ ಒಂದು ರಾತ್ರಿ. ಹೊರಗೆ ಎಡೆಬಿಡದ ಮಳೆ, ಮನೆಯಲ್ಲಿ ಕರೆಂಟಿಲ್ಲ. ಒಳಕೋಣೆಯಿಂದ ಒಂದೇ ಒಂದು ಸ್ವರ ಕೇಳಿಬಂದಿತು. ಕೆರೆತವಿಲ್ಲ, ಕಂಪನದಲ್ಲಿ ಅವಸರವಿಲ್ಲ. ಯಾರೋ ತುಂಬುಗೊರಳಿನಿಂದ ಹಾಡಿದಂತೆ ಅದು ನಿಂತಿತು. ನಾವಿಬ್ಬರೂ ಎದ್ದು ಬಾಗಿಲಿಗೆ ಹೋದೆವು. ಒಂದೂವರೆ ವರ್ಷ ನುಂಗಿಕೊಂಡಿದ್ದ ಮಾತು ಅಂದು ಹೊರಬಿತ್ತು: "ಮುಚ್ಚಳ ಹಾಕದೆ ಇದ್ದದ್ದು ನಮ್ಮ ತಪ್ಪು, ಮಗು."

ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾಜಿ, ನೀವೂ ಅಮ್ಮನೂ ಇದನ್ನು ಹೇಳುವಿರೆಂದು ಕಾದಿದ್ದೆ" ಎಂದನು. ಬೇಸರವಿರಲಿಲ್ಲವೆಂದು ಆತ ಹೇಳಲಿಲ್ಲ. ಹೇಳಿದ್ದರೆ ನಾವು ನಂಬುತ್ತಲೂ ಇರಲಿಲ್ಲ. ಬಳಿಕ ಬಟ್ಟೆಯನ್ನು ನಮ್ಮ ಕೈಗೆ ಕೊಟ್ಟನು. ತಂತಿ ಒರೆಸಿದೆವು.

ಆತನೀಗ ಮೈಸೂರಿನಲ್ಲಿ ಉದ್ಯೋಗಸ್ಥ. ಹಬ್ಬಕ್ಕೆ ಬಂದಾಗ ವಾದ್ಯವೂ ಜೊತೆಗೆ ಬರುತ್ತದೆ. ಪ್ರತಿ ವರ್ಷ ಹಣ್ಣು ಕೊಯ್ಲಿಗೆ ಮುನ್ನ ಪಲ್ಪರಿನ ಮುಚ್ಚಳದ ಬೋಲ್ಟುಗಳನ್ನು ನಾವೇ ಬಿಗಿದು ನೋಡುತ್ತೇವೆ. ತೋಟವುಳ್ಳ ಬಂಧುಗಳೂ ಹಾಗೆಯೇ ನೋಡಲಿ. ಹೇಳಬೇಕಾದ ಮಾತೊಂದು ಮನೆಯಲ್ಲಿ ಉಳಿದಿದ್ದರೆ, ಅದನ್ನೂ ನಮ್ಮಷ್ಟು ತಡಮಾಡದೆ ಹೇಳಿಬಿಡಲಿ.