ನಮ್ಮ ಜೀಪಿನ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಮಾತನ್ನು ದೇವಾಲಯಗಳಿಗೂ ಕೆರೆಗಳಿಗೂ ಹೇಳುವುದು ನಮ್ಮ ಕಡೆಯ ವಾಡಿಕೆ. ಬಿರುಕುಬಿಟ್ಟ ಗುಡಿಯನ್ನೋ ಹೂಳು ತುಂಬಿದ ಕೆರೆಯನ್ನೋ ಮೊದಲಿನ ಸ್ಥಿತಿಗೆ ತಂದವನಿಗೆ ಹೊಸದನ್ನು ಕಟ್ಟಿಸಿದವನಿಗಿಂತ ಹೆಚ್ಚಿನ ಪುಣ್ಯವುಂಟೆಂದು ಹಿರಿಯರು ಹೇಳುತ್ತಿದ್ದರು. ಒಂದು ಹಳೆಯ ಜೀಪಿಗೆ ಈ ಮಾತನ್ನು ಅನ್ವಯಿಸಿದರೆ ಪಂಡಿತರು ನಗಬಹುದು; ನಗಲಿ. ಕಳೆದ ವರ್ಷ ನಮ್ಮ ಕೈಯಿಂದ ಆದ ಜೀರ್ಣೋದ್ಧಾರವೆಂದರೆ ಅದೊಂದೇ. ಅದರಲ್ಲಿ ಪುಣ್ಯಕ್ಕಿಂತ ಪ್ರಾಯಶ್ಚಿತ್ತದ ಭಾಗವೇ ಹೆಚ್ಚೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಮೇಲು.

ನಮ್ಮ ಹಳ್ಳಿ ತಿಪಟೂರಿಗೂ ತುರುವೇಕೆರೆಗೂ ನಡುವೆ, ದೊಡ್ಡ ರಸ್ತೆಯಿಂದ ಒಳಗಾಗಿ ತೆಂಗಿನ ತೋಟಗಳ ಮಧ್ಯದಲ್ಲಿದೆ. ನಮ್ಮ ತಂದೆಯವರು ೧೯೭೨ರಲ್ಲಿ ಎರಡು ವರ್ಷದ ಕೊಬ್ಬರಿಯ ಹಣವನ್ನು ಕೂಡಿಸಿ ಒಂದು ಮಹೀಂದ್ರ ಜೀಪನ್ನು ಕೊಂಡರು. ಎಡಗಡೆಯ ಸ್ಟೀರಿಂಗು, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನು, ಎತ್ತರವಾದ ಮುಂಬಾಗಿಲಿನಂಥ ಮೂತಿ. ತೋಟದ ಕೆಲಸಕ್ಕೆಂದು ಬಂದ ಆ ವಾಹನವು ಬಹುಬೇಗ ಊರಿನ ಸ್ವತ್ತಾಯಿತು. ಹೆರಿಗೆಯ ನೋವು ಬಂದವರು, ಹಾವು ಕಚ್ಚಿದವರು, ಮರದಿಂದ ಬಿದ್ದವರು, ಎಲ್ಲರೂ ಅದರ ಹಿಂದಿನ ಸೀಟಿನಲ್ಲಿ ತಿಪಟೂರಿನ ಆಸ್ಪತ್ರೆಗೆ ಹೋದವರೇ. ಮಧ್ಯರಾತ್ರಿಯಲ್ಲಿ ಬಾಗಿಲು ತಟ್ಟಿದರೆ ತಂದೆಯವರು ಯಾರೆಂದು ಕೇಳುತ್ತಿರಲಿಲ್ಲ, ‘ಏನಾಯಿತು?’ ಎಂದು ಕೇಳುತ್ತಿದ್ದರು. ಕೇಳುವಷ್ಟರಲ್ಲಿಯೇ ಬೀಗದ ಕೈ ಅವರ ಕೈಯಲ್ಲಿರುತ್ತಿತ್ತು.

ಅವರಿಗೆ ವಯಸ್ಸಾದ ಮೇಲೆ ಜೀಪಿನ ಉಸ್ತುವಾರಿ ನಮ್ಮ ಪಾಲಿಗೆ ಬಂದಿತು. ಆಗ ನಾವು ಶಾಲೆಯ ಉಪಾಧ್ಯಾಯರು. ಕಾಳಿದಾಸನಲ್ಲಿ ಇದ್ದ ಗಮನ ಬ್ಯಾಟರಿಯ ನೀರಿನಲ್ಲಿ ಇರಲಿಲ್ಲ. ‘ಬ್ಯಾಟರಿ ಇಳಿದಿದೆ, ನೋಡಿಸು’ ಎಂದು ತಂದೆಯವರು ಎರಡು ಸಲ ಹೇಳಿದ್ದರು. ನಾಳೆ, ನಾಳೆ ಎಂದು ನಾವು ಮುಂದೂಡಿದೆವು. ೧೯೯೩ರ ಒಂದು ಸಂಜೆ, ನಮ್ಮ ತೋಟದಲ್ಲಿಯೇ ಕಾಯಿ ಕೀಳುತ್ತಿದ್ದ ಯುವಕನೊಬ್ಬನು ಮರದಿಂದ ಜಾರಿ ಬಿದ್ದನು. ಮಂಡಿಯ ಕೆಳಗೆ ಕಾಲು ನುಜ್ಜಾಗಿತ್ತು. ಅವನನ್ನು ಚಾಪೆಯ ಮೇಲೆ ಹೊತ್ತು ತಂದು ಜೀಪಿನಲ್ಲಿ ಮಲಗಿಸಿದೆವು. ಕೀಲಿಯನ್ನು ತಿರುಗಿಸಿದರೆ ಎಂಜಿನು ಒಮ್ಮೆ ನರಳಿ ಸುಮ್ಮನಾಯಿತು. ಹತ್ತು ಜನ ತಳ್ಳಿದರು. ಮಳೆಯಿಂದ ಕೆಸರಾದ ನೆಲದಲ್ಲಿ ಚಕ್ರಗಳು ಹೂತುಕೊಂಡವೇ ಹೊರತು ಎಂಜಿನು ಹತ್ತಲಿಲ್ಲ. ಕೊನೆಗೆ ಎತ್ತಿನ ಗಾಡಿಯಲ್ಲಿ ದೊಡ್ಡ ರಸ್ತೆಗೆ ಸಾಗಿಸಿ, ಕೊಬ್ಬರಿ ಹೇರಿದ ಲಾರಿಯೊಂದನ್ನು ಅಡ್ಡಗಟ್ಟಿ ಆಸ್ಪತ್ರೆಯನ್ನು ಸೇರುವ ವೇಳೆಗೆ ಮೂರು ಗಂಟೆ ಕಳೆದಿತ್ತು. ಅವನ ಪ್ರಾಣ ಉಳಿಯಿತು, ಕಾಲು ಉಳಿಯಲಿಲ್ಲ. ‘ಇನ್ನೂ ಸ್ವಲ್ಪ ಮುಂಚೆ ತಂದಿದ್ದರೆ’ ಎಂದಷ್ಟೇ ವೈದ್ಯರು ಹೇಳಿ ವಾಕ್ಯವನ್ನು ಅಲ್ಲಿಗೇ ನಿಲ್ಲಿಸಿದರು. ತಂದೆಯವರು ನಮ್ಮನ್ನು ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮಾರನೆಯ ದಿನ ಹೊಸ ಬ್ಯಾಟರಿಯನ್ನು ತಂದೆವು. ಕಳ್ಳನು ಹೋದ ಮೇಲೆ ಬಾಗಿಲಿಗೆ ಅಗುಳಿ ಹಾಕಿದಂತೆ! ಜೀಪು ಇನ್ನೂ ಹತ್ತು ಹನ್ನೆರಡು ವರ್ಷ ಓಡಿತು. ಆಮೇಲೆ ಎಂಜಿನು ಬಿಗಿದುಕೊಂಡು ಕೊಟ್ಟಿಗೆಯನ್ನು ಸೇರಿತು. ಅದರ ಮೇಲೆ ಕೋಳಿಗಳು ಕೂತವು, ಒಳಗೆ ತೆಂಗಿನ ಗರಿ ತುಂಬಿತು. ಅಷ್ಟರಲ್ಲಿ ಕಾಲವೂ ಬದಲಾಯಿತು. ೨೦೦೮ರ ನವೆಂಬರ್ ೧ರಂದು ಕರ್ನಾಟಕದಲ್ಲಿ ‘ಆರೋಗ್ಯ ಕವಚ’ವೆಂಬ ೧೦೮ರ ಆಂಬುಲೆನ್ಸ್ ವ್ಯವಸ್ಥೆ ಆರಂಭವಾಯಿತು. ಇನ್ನು ನಮ್ಮ ಜೀಪಿನಿಂದ ಆಗಬೇಕಾದುದೇನೂ ಇಲ್ಲವೆಂದು ನಾವು ಸಮಾಧಾನ ಮಾಡಿಕೊಂಡೆವು. ಗುಜರಿಯವನು ಎರಡು ಸಲ ಬಂದು ಬೆಲೆ ಕಟ್ಟಿ ಹೋದನು.

ಹೀಗಿರಲು ಬೆಂಗಳೂರಿನಲ್ಲಿರುವ ನಮ್ಮ ತಮ್ಮನ ಮಗನು ರಜೆಗೆ ಬಂದವನು, ‘ದೊಡ್ಡಪ್ಪ, ಇದನ್ನು ನೋಡಿ’ ಎಂದು ಒಂದು ಕೆಂಪು ವಾಹನದ ಚಿತ್ರವನ್ನು ತೋರಿಸಿದನು. ಅಮೆರಿಕೆಯಲ್ಲಿ ೧೯೭೨ರಿಂದ ೧೯೭೭ರವರೆಗೆ ‘ಎಮರ್ಜೆನ್ಸಿ’ ಎಂಬ ದೂರದರ್ಶನದ ಧಾರಾವಾಹಿ ನಡೆಯಿತಂತೆ. ಲಾಸ್ ಏಂಜಲಿಸಿನ ಅಗ್ನಿಶಾಮಕ ದಳದ ಇಬ್ಬರು, ವೈದ್ಯರಲ್ಲದಿದ್ದರೂ ತರಬೇತಿ ಪಡೆದವರು, ‘ಸ್ಕ್ವಾಡ್ ೫೧’ ಎಂಬ ಡಾಡ್ಜ್ ಟ್ರಕ್ಕಿನಲ್ಲಿ ಅಪಘಾತದ ಸ್ಥಳಕ್ಕೆ ಧಾವಿಸುವರು. ಆಸ್ಪತ್ರೆಯ ವೈದ್ಯರು ರೇಡಿಯೋದಲ್ಲಿ ಹೇಳಿದಂತೆ ಅಲ್ಲಿಯೇ ಚಿಕಿತ್ಸೆಯನ್ನು ಆರಂಭಿಸುವರು. ಅಂಥ ಸೇವೆ ಆಗಿನ್ನೂ ಆ ದೇಶಕ್ಕೂ ಹೊಸದು. ಕಥೆಯನ್ನು ನೋಡಿ ಊರೂರಿನ ಜನ ತಮಗೂ ಅದು ಬೇಕೆಂದರು. ಆ ಟ್ರಕ್ಕನ್ನು ಈಗ ದುರಸ್ತಿ ಮಾಡಿ ಅಲ್ಲಿಯ ಅಗ್ನಿಶಾಮಕ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ‘ನಮ್ಮ ಜೀಪೂ ಅದೇ ವರ್ಷದ್ದು. ಅದು ನಟಿಸಿತು, ಇದು ನಿಜವಾಗಿ ಮಾಡಿತು’ ಎಂದು ಹುಡುಗನು ಹೇಳಿದಾಗ ನಮಗೆ ಉತ್ತರ ತೋಚಲಿಲ್ಲ. ಒಂದು ದಿನ ಮಾಡಲಿಲ್ಲವೆಂಬುದು ಅವನಿಗೆ ತಿಳಿಯದು.

ನಮ್ಮ ನಾಡಿನಲ್ಲಿಯೂ ಇಂಥದೊಂದು ಉಂಟು. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರನಾಗರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಂಡುದು ಶಿವಮೊಗ್ಗ ತಾಳಗುಪ್ಪ ಮಾರ್ಗದ ಅರಸಾಳು. ಪಾಳುಬಿದ್ದಿದ್ದ ಆ ಹಳೆಯ ಕಟ್ಟಡವನ್ನು ರೈಲ್ವೆಯವರು ಸರಿಪಡಿಸಿ ೨೦೨೦ರಲ್ಲಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ತಿಪಟೂರಿನಲ್ಲಿ ಶಿವಮೊಗ್ಗದ ರೈಲು ಹತ್ತಿ, ಅಲ್ಲಿಂದ ಬಸ್ಸಿನಲ್ಲಿ ಹೋಗಿ ನಾವು ಅದನ್ನು ನೋಡಿ ಬಂದೆವು. ಅಚ್ಚುಕಟ್ಟಾಗಿದೆ, ಮನಸ್ಸಿಗೆ ಸಂತೋಷವಾಯಿತು. ಆದರೆ ಹಿಂದಿರುಗುವಾಗ ಒಂದು ಯೋಚನೆ ಹತ್ತಿತು. ಕಥೆಯ ನಿಲ್ದಾಣವು ನೋಟಕ್ಕೆ ಉಳಿದರೆ ಸಾಕು. ಕೆಲಸ ಮಾಡಿದ ವಾಹನವು ಕೆಲಸಕ್ಕೇ ಉಳಿಯಬೇಕಲ್ಲವೇ?

ಕೆಲಸವನ್ನು ತಿಪಟೂರಿನ ಒಬ್ಬ ಹಳೆಯ ಮೇಸ್ತ್ರಿಗೆ ಒಪ್ಪಿಸಿದೆವು. ಎರಡು ವಾರದ ಮೇಲೆ ಹೋಗಿ ನೋಡಿದರೆ ಗ್ಯಾರೇಜಿನ ಅಂಗಳದ ತುಂಬ ಜೀಪು ಹರಡಿಕೊಂಡಿತ್ತು. ಒಂದು ಕಡೆ ತಗಡು, ಒಂದು ಕಡೆ ಛಾಸಿ, ಒಂದು ಕಡೆ ಕಮಾನುಪಟ್ಟಿಗಳು. ಮಿಲಿಂದ ರಾಜನನ್ನು ಭಿಕ್ಷು ನಾಗಸೇನನು ‘ಚಕ್ರವೇ ರಥವೋ? ಅಚ್ಚೇ ರಥವೋ? ನೊಗವೇ ರಥವೋ?’ ಎಂದು ಕೇಳಿದ ಸಂಗತಿ ನಮಗೆ ನೆನಪಾಯಿತು. ಮೇಸ್ತ್ರಿಗೆ ಹೇಳಿದೆವು. ಅವನು ಕೈಯ ಗ್ರೀಸನ್ನು ಒರೆಸಿಕೊಳ್ಳುತ್ತ, ‘ಜೋಡಿಸಿದ ಮೇಲೆ ಓಡಿದರೆ ಜೀಪು ಸಾರ್, ಓಡದಿದ್ದರೆ ಗುಜರಿ’ ಎಂದನು. ನಾಗಸೇನನಿಗೂ ಇದು ಒಪ್ಪಿಗೆಯಾಗುತ್ತಿತ್ತೆಂದು ನಮ್ಮ ನಂಬಿಕೆ.

ಆ ಎಂಜಿನಿನಲ್ಲಿ ಗಾಳಿ ಪೆಟ್ರೋಲು ಒಳಬರುವ ಕವಾಟಗಳು ಮೇಲಿನ ಹೆಡ್ಡಿನಲ್ಲಿಯೂ, ಹೊಗೆ ಹೊರಹೋಗುವ ಕವಾಟಗಳು ಕೆಳಗಿನ ಬ್ಲಾಕಿನಲ್ಲಿಯೂ ಇರುವುವು. ಸಿಲಿಂಡರುಗಳನ್ನು ಲೇತಿನ ಅಂಗಡಿಯಲ್ಲಿ ಬೋರು ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ನು, ರಿಂಗುಗಳನ್ನು ಹಾಕಿದರು. ತುಕ್ಕು ತಿಂದ ನೆಲದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದರು. ಬ್ರೇಕಿನ ಭಾಗಗಳಿಗಾಗಿ ಹುಡುಗನು ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಿ ನಾಲ್ಕು ಶನಿವಾರ ಅಲೆದನು. ಹತ್ತು ತಿಂಗಳು ಹಿಡಿಯಿತು. ನಾವು ಅವಸರ ಮಾಡಲಿಲ್ಲ. ಕಾಯಿಯನ್ನು ಅಟ್ಟಕ್ಕೆ ಹಾಕಿ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುವವರೆಗೆ ಹೆಚ್ಚುಕಡಿಮೆ ಒಂದು ವರ್ಷ ಕಾಯುವ ಸೀಮೆಯವರಿಗೆ ತಾಳ್ಮೆಯನ್ನು ಬೇರೆಯವರು ಕಲಿಸಬೇಕಾಗಿಲ್ಲ. ಆ ಅಟ್ಟದ ಕೊಬ್ಬರಿಯೇ ಮೇಸ್ತ್ರಿಯ ಲೆಕ್ಕಕ್ಕೆ ಹೋಯಿತು. ‘ನಿಮ್ಮ ಮಂಡಿನೋವಿಗೆ ತೈಲ ತರಲು ಹಣವಿಲ್ಲ, ಇದರ ಮಂಡಿಗೆ ಉಂಟು’ ಎಂದು ನಮ್ಮ ಗೃಹಿಣಿ ಅಂದುದು ಅನ್ಯಾಯವಲ್ಲ.

ಕೊನೆಯಲ್ಲಿ ಒಂದು ತೊಡಕು ಬಂದಿತು. ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ಖಾಸಗಿ ವಾಹನಗಳಿಗಾಗಿ ಕೇಂದ್ರ ಸರಕಾರವು ೨೦೨೧ರಲ್ಲಿ ವಿಶೇಷ ನಿಯಮಗಳನ್ನು ಮಾಡಿದೆ. ೨೦,೦೦೦ ರೂಪಾಯಿ ಕಟ್ಟಿದರೆ ಹತ್ತು ವರ್ಷಕ್ಕೆ ನೋಂದಣಿ. ಸಂಖ್ಯೆಯ ನಡುವೆ ‘ವಿಎ’ ಎಂಬ ಗೌರವದ ಅಕ್ಷರಗಳು. ಹುಡುಗನಿಗೆ ಅದರ ಮೇಲೆ ಬಹಳ ಆಸೆ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನಕ್ಕೋ ರ‍್ಯಾಲಿಗೋ ದುರಸ್ತಿಗೋ ಒಯ್ಯಬಹುದೇ ಹೊರತು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನಾವು ಎರಡು ರಾತ್ರಿ ಯೋಚಿಸಿದೆವು. ಸಿಂಹಾಸನದಲ್ಲಿ ಕೂರಿಸಿ ಕಾಲಿಗೆ ಸಂಕೋಲೆ ಹಾಕಿದಂತಾಗುವುದೆಂದು ತೋರಿತು. ಸಾಮಾನ್ಯ ನೋಂದಣಿಯನ್ನೇ, ದಂಡವನ್ನೂ ಹಸಿರು ತೆರಿಗೆಯನ್ನೂ ತೆತ್ತು, ಪರೀಕ್ಷೆಗೆ ಒಡ್ಡಿ ಐದು ವರ್ಷಕ್ಕೆ ನವೀಕರಿಸಿಕೊಂಡೆವು. ಹುಡುಗನು ಒಂದು ದಿನ ಮುನಿಸಿಕೊಂಡಿದ್ದನು. ಆಗ ಅವನಿಗೆ ಆ ಸಂಜೆಯ ಸಂಗತಿಯನ್ನು ಹೇಳಿದೆವು. ಮೂವತ್ತು ವರ್ಷಗಳಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನು ಮತ್ತೆ ಮಾತಾಡಲಿಲ್ಲ. ಮುಂದಿನ ವಾರ ಬರುವಾಗ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ತಂದು ಸೀಟಿನ ಕೆಳಗೆ ಇಟ್ಟನು.

ಜೀಪು ಊರಿಗೆ ಬಂದ ದಿನ, ಕಾಲು ಕಳೆದುಕೊಂಡ ಆ ಮನುಷ್ಯನ ಅಂಗಡಿಯ ಮುಂದೆ ನಿಲ್ಲಿಸಿದೆವು. ಈಗ ಅವನಿಗೂ ಐವತ್ತು ಮೀರಿದೆ. ಊರಿನ ಬಾಗಿಲಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡು ಮಕ್ಕಳನ್ನು ಓದಿಸಿದ್ದಾನೆ. ‘ಬಾರಪ್ಪ, ಮುಂದೆ ಕೂತುಕೋ, ತಿಪಟೂರಿಗೆ ಹೋಗಿ ಬರೋಣ’ ಎಂದೆವು. ಅವನು ಊರುಗೋಲನ್ನು ಊರಿಕೊಂಡು ಬಂದು ಜೀಪನ್ನು ಒಂದು ಸುತ್ತು ನೋಡಿದನು. ಮುಂದಿನ ಮುಚ್ಚಳವನ್ನು ಅಂಗೈಯಿಂದ ಸವರಿದನು. ಆಮೇಲೆ ನಗುತ್ತ, ‘ಬ್ಯಾಟ್ರಿ ನೋಡ್ಸಿದ್ದೀರಾ ಮೇಷ್ಟ್ರೇ?’ ಎಂದು ಕೇಳಿದನು.

ಸುತ್ತ ನಿಂತವರು ನಕ್ಕರು. ನಮಗೆ ನಗು ಬರಲಿಲ್ಲ. ‘ನೋಡಿಸಿದ್ದೇನೆ’ ಎಂಬುದಷ್ಟೇ ಬಾಯಿಂದ ಹೊರಟಿತು. ಅವನು ಹತ್ತಿ ಕೂತನು. ಎಂಜಿನು ಮೊದಲನೆಯ ತಿರುವಿಗೇ ಹತ್ತಿತು.

ಊರಿಗೆ ೧೦೮ರ ಗಾಡಿ ಬರುತ್ತದೆ. ನಮ್ಮ ಜೀಪನ್ನು ಯಾರೂ ಕರೆಯದಿರಬಹುದು, ಕರೆಯದಿರಲೆಂದೇ ನಮ್ಮ ಪ್ರಾರ್ಥನೆ. ಆದರೂ ಪ್ರತಿ ಭಾನುವಾರ ಬೆಳಗ್ಗೆ ಸ್ನಾನ ಸಂಧ್ಯಾವಂದನೆಗಳಾದ ಮೇಲೆ ಕೊಟ್ಟಿಗೆಗೆ ಹೋಗಿ ಬ್ಯಾಟರಿಯ ನೀರನ್ನು ನೋಡಿ, ಎಂಜಿನನ್ನು ಹತ್ತು ನಿಮಿಷ ಓಡಿಸುತ್ತೇವೆ. ಬೀಗದ ಕೈ, ತಂದೆಯವರು ಇಡುತ್ತಿದ್ದ ಬಾಗಿಲ ಪಕ್ಕದ ಮೊಳೆಯಲ್ಲಿಯೇ ಇದೆ.